ಇಪ್ಪತ್ತಮೂರನೆಯ ಬಿಲ್ಲೆ

ಮಾನ್ಯ ಓದುಗರಲ್ಲಿ,

ಮೊದಲಿಗೇ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಮೂವತ್ತಮೂರು ವರ್ಷ ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ ಸೇವೆ ಸಲ್ಲಿಸಿದ ಕಾರಣ, ಅಕ್ಷರಗಳನ್ನು ಒತ್ತಿ ಅಭ್ಯಾಸವೇ ಹೊರತು ಬರೆದು ಅಭ್ಯಾಸವಿಲ್ಲ. ಕಾಗುಣಿತವೂ ಅಷ್ಟಕ್ಕಷ್ಟೆ. ಕಚೇರಿಯಲ್ಲಿ ಮೇಲಧಿಕಾರಿಗಳು ಹೇಳಿದ್ದನ್ನು ಟೈಪು ಮಾಡುತ್ತಿದ್ದೆ. ತಪ್ಪಿದ್ದಲ್ಲಿ ಅವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಿಂದಿರುಗಿಸುತ್ತಿದ್ದರು. ಮತ್ತೆ ಟೈಪು ಮಾಡುತ್ತಿದ್ದೆ. ಸ್ವಂತವಾಗಿ ಒಂದು ವಾಕ್ಯ ರಚಿಸುವ ಪ್ರಸಂಗ ನಿವೃತ್ತಿಯವರೆಗೂ ಒದಗಲಿಲ್ಲ. ನಿವೃತ್ತಿಯ ನಂತರ ಸ್ವಂತ ಬುದ್ಧಿಯಿಂದ ಎರಡು ಬಗೆಯ ಪತ್ರಗಳನ್ನು ರಚಿಸಿದ್ದೇನೆ. ಎರಡೂ ಒಬ್ಬರೇ ವ್ಯಕ್ತಿಗೆ ಸಂಬಂಧಿಸಿದವು. ಇದು ಮೂರನೆಯದು, ಇದೂ ಅವರಿಗೇ ಸಂಬಂಧಿಸಿದ್ದು. ಕಚೇರಿಯ ಧಾಟಿಯನ್ನು ಬಿಟ್ಟು ಬೇರೆ ಧಾಟಿ ನನಗೆ ಬಾರದಿರುವುದರಿಂದ, ಅದರಲ್ಲಿಯೇ ನಿವೇದಿಸಿಕೊಳ್ಳಲು ಅನುಮತಿ ಬೇಡುತ್ತೇನೆ.

ಕಳೆದ ವಾರ ಗ್ಯಾಸ್ ಸಂಪರ್ಕದ ಹಳೆಯ ಪುಸ್ತಕವನ್ನು ಹುಡುಕುತ್ತಿದ್ದಾಗ, ಬೀರುವಿನ ತಳದಲ್ಲಿದ್ದ ರಟ್ಟಿನ ಕಡತದೊಳಗಿಂದ ಒಂದು ತಗಡಿನ ತುಂಡು ನೆಲಕ್ಕೆ ಬಿತ್ತು. ಸೋಡಾ ಬಾಟಲಿಯ ಮುಚ್ಚಳ. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ್ದು. ಅಂಚಿನಲ್ಲಿ ಒಂದು ತೂತು, ನಡುವೆ ಮೊಳೆಯಿಂದ ಗೀರಿದ ಅಂಕಿ: ೨೩. ಎತ್ತಿಕೊಂಡು ಮೂಗಿನ ಬಳಿ ಹಿಡಿದೆ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು... ಅಥವಾ ಉಳಿದಿದೆ ಎಂದು ನನಗೆ ಅನ್ನಿಸಿತು. ಗ್ಯಾಸ್ ಪುಸ್ತಕವನ್ನು ಮರೆತು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ.

ಅದನ್ನು ಮಾಡಿದವರು ನಮ್ಮ ಎದುರುಮನೆಯವರು. ಕಡಕೊಳದ ಒಂದು ಕಾರ್ಖಾನೆಯಲ್ಲಿ ಸ್ಪ್ಯಾನರು, ಅರ, ಡ್ರಿಲ್ಲುಗಳನ್ನು ಕೆಲಸಗಾರರಿಗೆ ಕೊಟ್ಟು ಹಿಂದಕ್ಕೆ ಪಡೆಯುವ ಟೂಲ್ ಸ್ಟೋರಿನಲ್ಲಿ ಬಹುಕಾಲ ಇದ್ದು ನಿವೃತ್ತರಾದವರು. ಆ ಕಾರಣಕ್ಕೆ ಬೀದಿಯವರೆಲ್ಲ ಅವರನ್ನು ಸ್ಟೋರಿನ ಯಜಮಾನರು ಎನ್ನುತ್ತಿದ್ದೆವು. ಅಶೋಕಪುರಂ ಕಡೆಯಿಂದ ಬಂದು ಬಲಕ್ಕೆ ತಿರುಗಿದರೆ ನಮ್ಮ ಬೀದಿ. ಅವರ ಮನೆಯನ್ನು ಬಿಟ್ಟು ಹದಿನಾಲ್ಕು ಮನೆಗಳಿವೆ. ಆ ಹದಿನಾಲ್ಕರಲ್ಲಿ ಅವರ ಏಣಿಯನ್ನು ಕೇಳಿ ತಾರದವರು ಒಬ್ಬರೂ ಇಲ್ಲ, ತಂದು ಬೆವರದವರೂ ಇಲ್ಲ. ಏಕೆಂದರೆ ಏಣಿ ಕೊಡುವ ಮುಂಚೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಎಷ್ಟು ಗಂಟೆಗೆ ವಾಪಸ್ಸು?" ನಾವು ಬಾಯಿಗೆ ಬಂದದ್ದು ಹೇಳುತ್ತಿದ್ದೆವು. ಆ ಗಂಟೆಗೆ ಸರಿಯಾಗಿ ಅವರು ನಮ್ಮ ಗೇಟಿನ ಮುಂದೆ ನಿಂತಿರುತ್ತಿದ್ದರು. ಬೈಯುತ್ತಿರಲಿಲ್ಲ. ಸುಮ್ಮನೆ ನಿಂತಿರುತ್ತಿದ್ದರು, ಅಷ್ಟೆ. ಬಲ್ಬು ಅರ್ಧ ತಿರುಗಿಸಿದ ಸ್ಥಿತಿಯಲ್ಲಿ ನಾನು ಏಣಿಯಿಂದ ಇಳಿದುಬಿಟ್ಟದ್ದೂ ಉಂಟು.

ಅವರ ಪತ್ನಿ ತೀರಿಕೊಂಡ ಮೇಲೆ ಮಗಳು ಬಂದು ಜೊತೆಗಿದ್ದರು. ಆಕೆ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಬೆಳಿಗ್ಗೆ ಹೋದರೆ ಸಂಜೆ ಬರುವವರು. ಮೊದಮೊದಲು ನಾವು ಕಂಡ ಬದಲಾವಣೆಗಳು ಸಣ್ಣವು. ಯಜಮಾನರು ಮಾತನಾಡುವಾಗ ನಮ್ಮ ಮುಖ ನೋಡುವುದನ್ನು ನಿಲ್ಲಿಸಿದರು. ನಮ್ಮ ಭುಜದ ಆಚೆ ಯಾರೋ ನಿಂತಿರುವಂತೆ ಅತ್ತ ನೋಡುತ್ತಿದ್ದರು. "ಊಟ ಆಯ್ತಾ ಯಜಮಾನ್ರೇ?" ಎಂದರೆ "ಊಟ ಆಯ್ತಾ ಯಜಮಾನ್ರೇ" ಎಂದು ನಮ್ಮ ಮಾತನ್ನೇ ನಮಗೆ ಒಪ್ಪಿಸಿ ಮುಂದೆ ಹೋಗುತ್ತಿದ್ದರು. ನನ್ನ ಅಡುಗೆಮನೆಯ ಕುಕ್ಕರ್ ಕೂಗಿದರೆ ಎದುರು ಜಗಲಿಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಹೊರಟು ಪ್ರತಿ ಮನೆಯ ಗೇಟಿನ ಕಂಬವನ್ನು ಒಮ್ಮೆ ಮುಟ್ಟಿ, ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯವರೆಗೆ ಹೋಗಿ ಬರುತ್ತಿದ್ದರು. ಯಾವುದಾದರೂ ಕಂಬಕ್ಕೆ ಸ್ಕೂಟರ್ ಒರಗಿಸಿದ್ದರೆ ಮುಂದೆ ಹೋಗುತ್ತಿರಲಿಲ್ಲ. ಮನೆಗೆ ಹಿಂದಿರುಗಿ ಮೊದಲನೆಯ ಕಂಬದಿಂದ ಮತ್ತೆ ಶುರು.

ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯ ದಿನ ನಡೆದದ್ದನ್ನು ಇಲ್ಲಿ ಹೇಳದಿರಲಾರೆ. ಮಂಗಳಾರತಿ ಮುಗಿಸಿ ಹೊರಬಂದರೆ, ಬಾಗಿಲಲ್ಲಿ ಬಿಟ್ಟಿದ್ದ ನಲವತ್ತು ಜೊತೆ ಚಪ್ಪಲಿಗಳು ಸಾಲಾಗಿ ನಿಂತಿದ್ದವು. ಆದರೆ ಜೊತೆಯಾಗಿ ಅಲ್ಲ. ಎಡಗಾಲಿನವೆಲ್ಲ ಗೋಡೆಯ ಈ ಬದಿಗೆ, ಬಲಗಾಲಿನವೆಲ್ಲ ಆ ಬದಿಗೆ, ಚಿಕ್ಕದರಿಂದ ದೊಡ್ಡದಕ್ಕೆ. ಅತಿಥಿಗಳು ಪ್ರಸಾದದ ದೊನ್ನೆ ಹಿಡಿದುಕೊಂಡು ಎಡಕ್ಕೂ ಬಲಕ್ಕೂ ಓಡಾಡುತ್ತಿದ್ದರೆ, ಯಜಮಾನರು ತಮ್ಮ ಜಗಲಿಯ ಮೇಲೆ ಕೈಕಟ್ಟಿ ನಿಂತು ಬಹಳ ನೆಮ್ಮದಿಯಿಂದ ನೋಡುತ್ತಿದ್ದರು. ಆ ದಿನ ಎಲ್ಲರೂ ನಕ್ಕೆವು.

ನಗು ನಿಂತದ್ದು ಸಾಮಾನುಗಳು ಕಾಣೆಯಾಗತೊಡಗಿದಾಗ. ನನ್ನ ಕಿಟಕಿಯ ಮೊಳೆಗೆ ತೂಗುಹಾಕಿದ್ದ ಇಕ್ಕಳ ಹೋಯಿತು. ಟೀ ಸೋಸುವ ಜಾಲರಿ ಹೋಯಿತು. ಆಮೇಲೆ ನನ್ನ ಕತ್ತರಿ. ಬೇರೆ ಮನೆಗಳಲ್ಲಿ ಸ್ಕ್ರೂಡ್ರೈವರ್, ತೆಂಗಿನಕಾಯಿ ಕತ್ತಿ, ಪಾತಿ ಮಾಡುವ ಸಣ್ಣ ಸಲಿಕೆ. ಹೋದ ಕಡೆಯಲ್ಲೆಲ್ಲ ಚಪ್ಪಟೆ ಮಾಡಿದ ಒಂದು ಸೋಡಾ ಮುಚ್ಚಳ ಬಿದ್ದಿರುತ್ತಿತ್ತು. ಅದರ ಮೇಲೆ ಅಂಕಿ ಗೀರಿದ್ದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಮಾಡಿದಂತೆ ನಾನೂ ಗುಡಿಸಿ ಕಸದ ಗಾಡಿಗೆ ಹಾಕಿದೆ. ಒಂದಲ್ಲ, ಮೂರು ಸಲ.

ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದಾಗ ಯಜಮಾನರು ನನ್ನ ಕಿಟಕಿಯ ಹೊರಗೆ ನಿಂತಿದ್ದರು. ಕೈಯಲ್ಲಿ ನನ್ನ ಕತ್ತರಿ ಇತ್ತು. ಇನ್ನೊಂದು ಕೈಯಿಂದ ಕಿಟಕಿಯ ದಂಡೆಯನ್ನು ಸವರಿ ಸವರಿ ಏನನ್ನೋ ಹುಡುಕುತ್ತಿದ್ದರು. "ಏನು ಯಜಮಾನ್ರೇ ಇದು?" ಎಂದು ಗಟ್ಟಿಯಾಗಿ ಕೇಳಿದೆ. "ಏನು ಯಜಮಾನ್ರೇ ಇದು," ಎಂದರು. ಮತ್ತೊಮ್ಮೆ ದಂಡೆ ಸವರಿದರು. ಆಮೇಲೆ ಕತ್ತರಿಯನ್ನು ಎದೆಗೆ ಒತ್ತಿಕೊಂಡು ರಸ್ತೆ ದಾಟಿ ಹೊರಟುಹೋದರು. ಇನ್ನಷ್ಟು ಕದಿಯಲು ಬಂದವರು ನನ್ನ ಕೈಗೆ ಸಿಕ್ಕಿಬಿದ್ದರು ಎಂದೇ ನಾನು ತಿಳಿದೆ.

ಅದೇ ವಾರ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರ ಗುಲಾಬಿ ಗಿಡ ಕತ್ತರಿಸುವ ದೊಡ್ಡ ಕತ್ತರಿ ಹೋಯಿತು. ಸಭೆ ಸೇರಿತು. ಚೂಪಾದ ಸಾಮಾನುಗಳನ್ನೇ ಒಯ್ಯುತ್ತಿದ್ದಾರೆ, ನಾಳೆ ಯಾರಿಗಾದರೂ ಚುಚ್ಚಿದರೆ ಹೊಣೆ ಯಾರು ಎಂದು ಅಧ್ಯಕ್ಷರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಆಫೀಸಿನಲ್ಲಿ ಇದ್ದವರು ನೀವೊಬ್ಬರೇ ಮೇಡಂ, ಒಂದು ಲೆಟರ್ ಬರೆದುಕೊಡಿ ಎಂದರು.

ನನ್ನ ಜೀವನದಲ್ಲಿ ನಾನೇ ರಚಿಸಿದ ಮೊದಲ ಪತ್ರ ಅದು. ಎರಡು ದಿನ ಯೋಚಿಸಿದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಾನೇ ಕುಳಿತು ಟೈಪು ಮಾಡಿದೆ. 'ವಿಷಯ: ತಮ್ಮ ತಂದೆಯವರಿಂದ ನಿವಾಸಿಗಳಿಗೆ ಉಂಟಾಗುತ್ತಿರುವ ತೊಂದರೆಯ ನಿವಾರಣೆ ಕುರಿತು.' ಸದರಿಯವರು ಅನ್ಯರ ವಸ್ತುಗಳನ್ನು ಒಯ್ಯುತ್ತಿರುವುದನ್ನು ಸಹಿದಾರರಲ್ಲಿ ಒಬ್ಬರು ಖುದ್ದಾಗಿ ಕಂಡಿರುತ್ತಾರೆ ಎಂದು ಸೇರಿಸಿದೆ. ಆದುದರಿಂದ ಅವರನ್ನು ಮನೆಯ ಆವರಣದಿಂದ ಹೊರಗೆ ಬಿಡದಿರುವುದು, ತಪ್ಪಿದಲ್ಲಿ ಸೂಕ್ತವಾದ ಆಶ್ರಯಕ್ಕೆ ಸೇರಿಸುವುದು. ಎಲ್ಲಿಯೂ ಒಂದು ಒರಟು ಪದವಿಲ್ಲ. ಹದಿನಾಲ್ಕು ಮನೆಯವರೂ ಸಹಿ ಮಾಡಿದರು. ಓದಿದವರೆಲ್ಲ ಎಷ್ಟು ಚೆನ್ನಾಗಿದೆ ಎಂದರು, ನನಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಡುವುದು ಸರಿಯಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಪತ್ರವನ್ನು ಮಗಳಿಗೆ ತಲುಪಿಸಲು ನಾನೇ ಹೋದೆ. ಆಕೆ ಓದಿದರು. ನಾನು ಅಭ್ಯಾಸಬಲದಿಂದ ಕಚೇರಿ ಪ್ರತಿಯನ್ನು ಮುಂದೆ ಹಿಡಿದು, ತಲುಪಿದ್ದಕ್ಕೆ ಒಂದು ಸಹಿ ಬೇಕಾಗಿತ್ತು ಎಂದೆ. ಆಕೆ 'ಸ್ವೀಕರಿಸಿದೆ' ಎಂದು ಬರೆದು ಸಹಿ ಹಾಕಿ ಪೆನ್ನನ್ನು ನನಗೆ ಹಿಂದಿರುಗಿಸಿದರು. ಆ ಪ್ರತಿ ಈಗಲೂ ಕಡತದಲ್ಲಿದೆ. ಸಹಿಯ ಕೊನೆಯ ಅಕ್ಷರ ಕೆಳಕ್ಕೆ ಜಾರಿದೆ.

ಮಾರನೆಯ ದಿನದಿಂದ ಎದುರುಮನೆಯ ಗೇಟಿಗೆ ಬೀಗ ಬಿತ್ತು. ಹತ್ತು ಗಂಟೆಗೆ ಯಜಮಾನರು ಗೇಟಿನ ಬಳಿ ಬರುತ್ತಿದ್ದರು. ಕೈಯಲ್ಲಿ ಒಂದು ಬೆತ್ತದ ಬುಟ್ಟಿ, ಅದರ ಮೇಲೆ ಬಟ್ಟೆ. ಚಿಲುಕವನ್ನು ಒಮ್ಮೆ ಎಳೆಯುವರು, ನಿಲ್ಲುವರು, ಮತ್ತೆ ಎಳೆಯುವರು. ಆ ಸದ್ದು ಮಧ್ಯಾಹ್ನ ಒಂದು ಗಂಟೆಯವರೆಗೂ ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಊಟವನ್ನು ಅರ್ಧಕ್ಕೆ ಬಿಡುತ್ತಿದ್ದಾರೆ, ಮೈ ಇಳಿದುಹೋಗುತ್ತಿದೆ ಎಂದು ಮಗಳು ಹಾಲಿನವರ ಬಳಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಇಲವಾಲದ ಕಡೆ ಇಂಥವರನ್ನು ನೋಡಿಕೊಳ್ಳುವ ಒಂದು ಮನೆಯಿದೆಯಂತೆ. ವಿಜಯದಶಮಿಯ ಮಾರನೆಯ ದಿನ ಅಲ್ಲಿಂದ ವಾಹನ ಬಂದು ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ನನ್ನ ಪತ್ರ ಕೆಲಸ ಮಾಡಿತ್ತು.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವರು ಒಬ್ಬ ಟೀಚರ್. ಆಟಿಸಂ ಇರುವ ಮಕ್ಕಳಿಗೆ ಕಲಿಸುವ ಶಾಲೆಯಲ್ಲಿ ಕೆಲಸ; ಊರಿನಿಂದ ಬಂದು ಎರಡು ತಿಂಗಳಾಗಿತ್ತಷ್ಟೆ. ದಸರಾ ರಜೆಯಲ್ಲಿ ಮನೆಯಲ್ಲಿದ್ದುದರಿಂದ ಬಾಲ್ಕನಿಯಿಂದ ಎದುರುಮನೆಯನ್ನು ನೋಡುತ್ತಿದ್ದರು. ಮೂರನೆಯ ದಿನ ಕೆಳಗಿಳಿದು ಬಂದು, ಅಂಗೈಯಲ್ಲಿ ಒಂದು ಮುಚ್ಚಳ ತೋರಿಸಿದರು. ತಮ್ಮ ಸ್ಕ್ರೂಡ್ರೈವರ್ ಕಾಣೆಯಾದ ದಿನ ಮೆಟ್ಟಿಲ ಮೇಲೆ ಸಿಕ್ಕಿದ್ದು, ಮಕ್ಕಳಿಗೆ ಎಣಿಸಲು ಕಲಿಸಲು ಬರುತ್ತದೆಂದು ಎತ್ತಿಟ್ಟುಕೊಂಡಿದ್ದರಂತೆ. ಅದರ ಮೇಲೆ ೯ ಎಂದು ಗೀರಲಾಗಿತ್ತು.

"ಆಂಟಿ, ನಮ್ಮ ಸ್ಕೂಲಿನ ಮಕ್ಕಳು ಹಿಂಗೇ ಕಣ್ರೀ," ಎಂದರು. "ಸಾಲಾಗಿ ಜೋಡಿಸ್ತಾರೆ, ನಾವು ಹೇಳಿದ್ದನ್ನೇ ಹೇಳ್ತಾರೆ, ಒಂದು ಚೂರು ಆಚೀಚೆ ಆದ್ರೂ ತಡೆಯಲ್ಲ. ನೋಡೋರಿಗೆ ಸುಮ್ಮನೆ ಆಟ ಅನ್ಸುತ್ತೆ. ಆದ್ರೆ ಅವ್ರಿಗೆ ಅದರಲ್ಲೊಂದು ನಿಯಮ ಇರುತ್ತೆ. ಇವರ ನಿಯಮ ಏನು ಅಂತ ಯಾರಾದ್ರೂ ಕೇಳಿದೀರಾ?"

ಯಾರೂ ಕೇಳಿರಲಿಲ್ಲ. ಹಾಗಾದರೆ ಯಜಮಾನರಿಗೂ ಆಟಿಸಂ ಬಂದಿದೆಯೇ ಎಂದು ವಿಚಾರಿಸಿದೆ. ಅವರು ತಲೆಯಾಡಿಸಿದರು. ಅದು ಹುಟ್ಟಿನಿಂದ ಇರುವಂಥದ್ದು, ವಯಸ್ಸಾದ ಮೇಲೆ ಬರುವುದಲ್ಲ. ಇವರದು ಬೇರೆ ಇರಬೇಕು, ನೋಡಲು ಮಾತ್ರ ಒಂದೇ ಥರ ಕಾಣುತ್ತದೆ ಎಂದರು. ಹೇಳುವಾಗ ಅವರ ಕಣ್ಣು ಎದುರುಮನೆಯ ಮೇಲೆಯೇ ಇತ್ತು. ನನಗೂ ಕುತೂಹಲ ಹತ್ತಿತು. ನಾಚಿಕೆಯೂ ಇತ್ತು, ಆದರೆ ಆ ಕ್ಷಣದಲ್ಲಿ ಕುತೂಹಲವೇ ಮುಂದಿತ್ತು ಎಂದು ಒಪ್ಪಿಕೊಳ್ಳಬೇಕು.

ಸಂಜೆ ಮಗಳು ಬಂದ ಮೇಲೆ ಇಬ್ಬರೂ ಹೋದೆವು. ಆಕೆ ನನ್ನನ್ನು ನೋಡಿ ಇನ್ನೊಂದು ಪತ್ರ ತಂದಿರುವೆನೆಂದು ಭಾವಿಸಿರಬೇಕು, ಬಾಗಿಲಲ್ಲೇ ನಿಂತರು. ಟೀಚರ್ ಅಂಗೈ ಚಾಚಿ ಮುಚ್ಚಳ ತೋರಿಸಿದರು. ಆಕೆ ಅದನ್ನು ನೋಡಿ, "ಒಳಗೆ ಬನ್ನಿ," ಎಂದು ಹಿಂದಿನ ಕೋಣೆಗೆ ಕರೆದೊಯ್ದರು.

ಆ ಕೋಣೆಯ ಗೋಡೆಯ ತುಂಬ ಮೊಳೆಗಳು. ಪ್ರತಿ ಮೊಳೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ. ಪ್ರತಿ ಮೊಳೆಗೆ ಒಂದು ಸಾಮಾನು. ನನ್ನ ಇಕ್ಕಳ, ಜಾಲರಿ, ಅಧ್ಯಕ್ಷರ ದೊಡ್ಡ ಕತ್ತರಿ, ಎಲ್ಲವೂ ಇದ್ದವು. ಇಪ್ಪತ್ತಮೂರನೆಯ ಮೊಳೆಗೆ ನನ್ನ ಕತ್ತರಿ. ಎಲ್ಲವನ್ನೂ ಒರೆಸಿ, ಸಾಣೆ ಹಿಡಿದು, ಎಣ್ಣೆ ಹಚ್ಚಲಾಗಿತ್ತು. ಕೋಣೆಯ ತುಂಬ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಯಜಮಾನರು ಮೂಲೆಯ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದರು.

ಮಗಳು ಹೇಳಿದ್ದನ್ನು ಸಂಕ್ಷಿಪ್ತವಾಗಿ ಇಲ್ಲಿ ದಾಖಲಿಸುತ್ತೇನೆ. ಕಾರ್ಖಾನೆಯ ಟೂಲ್ ಸ್ಟೋರಿನಲ್ಲಿ ಒಂದು ಪದ್ಧತಿ. ಕೆಲಸಗಾರ ಅಂಕಿಯಿರುವ ತನ್ನ ತಗಡಿನ ಬಿಲ್ಲೆ ಕೊಟ್ಟರೆ ಮಾತ್ರ ಸಾಮಾನು ಸಿಗುತ್ತದೆ. ಸಾಮಾನು ತೆಗೆದ ಮೊಳೆಗೆ ಆ ಬಿಲ್ಲೆಯನ್ನು ತೂಗುಹಾಕುತ್ತಾರೆ. ಸಾಮಾನು ಹಿಂದಕ್ಕೆ ಬಂದಾಗ ಬಿಲ್ಲೆ ಅವನಿಗೆ ವಾಪಸ್ಸು. ಮೊಳೆಯಲ್ಲಿ ಸಾಮಾನಾದರೂ ಇರಬೇಕು, ಬಿಲ್ಲೆಯಾದರೂ ಇರಬೇಕು, ಖಾಲಿ ಇರಕೂಡದು. ಕಾಯಿಲೆ ಶುರುವಾದ ಮೇಲೆ ಯಜಮಾನರಿಗೆ ಬೀದಿಯೆಲ್ಲ ತಮ್ಮ ಸ್ಟೋರಾಗಿತ್ತು. ಮೊಂಡಾದದ್ದು, ತುಕ್ಕು ಹಿಡಿದದ್ದು ಕಂಡರೆ ರಿಪೇರಿಗೆ ತರುತ್ತಿದ್ದರು. ತಂದ ಜಾಗದಲ್ಲಿ ಸೋಡಾ ಮುಚ್ಚಳದ ಬಿಲ್ಲೆ ಇಡುತ್ತಿದ್ದರು. ಸರಿಪಡಿಸಿ ಹಿಂದಕ್ಕೆ ಕೊಡಲು ಹೋದರೆ ಬಿಲ್ಲೆ ಇರುತ್ತಿರಲಿಲ್ಲ. ಬಿಲ್ಲೆ ಸಿಗದೆ ಸಾಮಾನು ಬಿಟ್ಟುಬರುವಂತಿಲ್ಲ. ಮತ್ತೆ ಮನೆಗೆ ತರುತ್ತಿದ್ದರು.

ಆ ಮಧ್ಯಾಹ್ನ ನನ್ನ ಕಿಟಕಿಯಲ್ಲಿ ಅವರು ಕತ್ತರಿಯನ್ನು ಒಯ್ಯಲು ಬಂದಿರಲಿಲ್ಲ. ಕೊಡಲು ಬಂದಿದ್ದರು. ನಾನು ಗುಡಿಸಿ ಹಾಕಿದ್ದನ್ನು ಹುಡುಕುತ್ತಿದ್ದರು. ಖುದ್ದಾಗಿ ಕಂಡಿರುತ್ತಾರೆ ಎಂದು ಪತ್ರದಲ್ಲಿ ಬರೆದವಳು ನಾನು; ಕಂಡದ್ದು ನಿಜ...

ಸಾಮಾನುಗಳನ್ನು ತಾವೇ ಏಕೆ ಹಿಂದಿರುಗಿಸಲಿಲ್ಲ ಎಂದು ಟೀಚರ್ ಮಗಳನ್ನು ಮೆತ್ತಗೆ ಕೇಳಿದರು. ಒಂದೆರಡು ಸಲ ಪ್ರಯತ್ನಿಸಿದರಂತೆ. ಖಾಲಿ ಮೊಳೆ ಕಂಡು ಯಜಮಾನರು ಗೋಡೆಗೆ ಹಣೆ ಚಚ್ಚಿಕೊಂಡರಂತೆ. ಆಮೇಲೆ ಯಾವುದು ಯಾರದೆಂದು ಕೇಳಿಕೊಂಡು ಹೋಗಲು ನಾಚಿಕೆಯಾಯಿತು ಎಂದರು. ಡಾಕ್ಟರು ಇದು ಮರೆವಿನ ಕಾಯಿಲೆಗಳಲ್ಲಿಯೇ ಒಂದು ಬಗೆ, ಇದರಲ್ಲಿ ಮೊದಲು ಹೋಗುವುದು ನೆನಪಲ್ಲ, ನಡವಳಿಕೆ ಎಂದಿದ್ದರಂತೆ. ನಾನು ತಡೆಯಲಾರದೆ, ಮೊದಲಿನಿಂದಲೂ ಸ್ವಲ್ಪ ಹೀಗೆಯೇ ಇದ್ದರೇ ಎಂದು ಕೇಳಿಬಿಟ್ಟೆ.

"ಅದೇ ನಂಗೂ ಗೊತ್ತಾಗ್ತಿಲ್ಲ ಅಕ್ಕಾ," ಎಂದರು ಆಕೆ. "ಅಪ್ಪನ ತಟ್ಟೆ, ಅಪ್ಪನ ಕುರ್ಚಿ, ಅಪ್ಪನ ಟೈಮು, ಒಂದನ್ನೂ ಅಮ್ಮ ಕದಲಿಸ್ತಿರ್ಲಿಲ್ಲ. ನಾವು ಕದಲಿಸಿದ್ರೆ ಸರಿಯಾಗಿ ಬೈಸ್ಕೋತಿದ್ವಿ. ಅಮ್ಮಂಗೇ ಶಿಸ್ತು ಜಾಸ್ತಿ ಅಂದ್ಕೊಂಡಿದ್ದೆ. ಅವ್ರು ಹೋದ್ಮೇಲೆ ನೋಡಿದ್ರೆ, ಅದೆಲ್ಲ ಅಪ್ಪನಿಗೋಸ್ಕರ ಇತ್ತೋ ಏನೋ..."

ಕಾಯಿಲೆ ಎಲ್ಲಿ ಶುರುವಾಯಿತು, ಮನುಷ್ಯ ಎಲ್ಲಿಯವರೆಗೆ ಇದ್ದ ಎಂಬುದನ್ನು ಯಾವ ಗೆರೆ ಎಳೆದು ಹೇಳುವುದು? ಟೀಚರನ್ನು ಕೇಳಿದೆ. ತಮಗೂ ತಿಳಿಯದು ಎಂದರು. ತಿಳಿಯದ್ದನ್ನು ತಿಳಿಯದು ಎಂದು ಅಷ್ಟು ನೇರವಾಗಿ ಹೇಳಿದವರನ್ನು ನಾನು ಕಚೇರಿಯಲ್ಲಿ ಕಂಡಿರಲಿಲ್ಲ.

ಆಮೇಲೆ ಟೀಚರ್ ಯಜಮಾನರ ಎದುರಿಗೆ ಹೋಗದೆ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಮಾತಾಡದೆ, ಬಿಲ್ಲೆಯಿದ್ದ ಅಂಗೈಯನ್ನು ಅವರ ದೃಷ್ಟಿಗೆ ಬೀಳುವಂತೆ ಚಾಚಿದರು. ಯಜಮಾನರ ಕೈ ನಿಧಾನವಾಗಿ ಬಂತು. ಬಿಲ್ಲೆಯನ್ನು ಎತ್ತಿ ಎರಡೂ ಬದಿ ತಿರುಗಿಸಿ ನೋಡಿದರು. ಎದ್ದು ಒಂಬತ್ತನೆಯ ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದು, ಆ ಮೊಳೆಗೆ ಬಿಲ್ಲೆ ಹಾಕಿ, ಸ್ಕ್ರೂಡ್ರೈವರನ್ನು ಹಿಡಿಯ ಕಡೆಯಿಂದ ಟೀಚರ ಕೈಗಿಟ್ಟರು. "ಒಂಬತ್ತು ಬಂತು," ಎಂದರು. ಬಹಳ ತಿಂಗಳ ಮೇಲೆ ಅವರು ಆಡಿದ ಸ್ವಂತ ಮಾತು ಅದು ಎಂದು ಮಗಳು ಆಮೇಲೆ ಹೇಳಿದರು.

ವಾಹನ ಬರಲು ಮೂರು ದಿನ ಉಳಿದಿತ್ತು. ಬಿಲ್ಲೆಗಳು ಸಿಕ್ಕಿದರೆ ಸಾಮಾನು ಮನೆ ಸೇರುತ್ತವೆ, ಬೀದಿಯವರ ದೂರು ನಿಲ್ಲುತ್ತದೆ, ಗೇಟು ತೆರೆಯಬಹುದು ಎಂದು ನಾನು ಲೆಕ್ಕ ಹಾಕಿದೆ. ಕಸದ ಗಾಡಿಗೆ ಹೋದದ್ದನ್ನು ಎಲ್ಲಿಂದ ತರುವುದು? ಬೀಡಾ ಅಂಗಡಿಯಿಂದ ಸೋಡಾ ಮುಚ್ಚಳಗಳನ್ನು ತಂದು, ಗುಂಡುಕಲ್ಲಿನಿಂದ ಜಜ್ಜಿ, ಮೊಳೆಯಿಂದ ಅಂಕಿ ಗೀರಿದೆ. ಮಾರನೆಯ ದಿನ ಕೊಂಡೊಯ್ದೆ. ಯಜಮಾನರು ಒಂದನ್ನು ತೆಗೆದುಕೊಂಡು ನೋಡಿದರು. ನನ್ನ ಗೀರು ನನ್ನ ಕೈಬರಹದಂತೆಯೇ ವಕ್ರ. "ನಮ್ಮದಲ್ಲ," ಎಂದು ಹಿಂದಕ್ಕೆ ಕೊಟ್ಟರು. ಇನ್ನೊಂದು ಕೊಟ್ಟೆ. "ನಮ್ಮದಲ್ಲ." ಮುಖ ನೋಡದೆ, ಸಿಟ್ಟಿಲ್ಲದೆ, ಇಪ್ಪತ್ತಾರೂ ಬಿಲ್ಲೆಗಳನ್ನು ಹಿಂದಿರುಗಿಸಿದರು.

ಎಲ್ಲ ಮುಗಿಯಿತೆಂದು ಎದ್ದು ಬರುವಾಗ ಮಗಳು ನನ್ನನ್ನು ತಡೆದರು. ಕಾರ್ಖಾನೆಯಲ್ಲಿ ಬಿಲ್ಲೆ ಕಳೆದುಕೊಂಡವರೂ ಇರುತ್ತಿದ್ದರಲ್ಲ, ಆಗ ಏನು ಮಾಡುತ್ತಿದ್ದರು ಎಂಬುದು ಅವರಿಗೆ ಆ ಹೊತ್ತಿಗೆ ನೆನಪಾಯಿತು. "ಅರ್ಜಿ ಕೊಡ್ಬೇಕಿತ್ತು ಅಕ್ಕಾ. ತಪ್ಪಾಯ್ತು ಅಂತ ಬರೆದು ಸಹಿ ಹಾಕಿ ಕೊಟ್ರೆ, ಅಪ್ಪನೇ ಹೊಸ ಬಿಲ್ಲೆ ಮಾಡಿಕೊಡ್ತಿದ್ರಂತೆ. ಅರ್ಜಿ ಇಲ್ದಿದ್ರೆ ಮ್ಯಾನೇಜರೇ ಬಂದ್ರೂ ಕೊಡ್ತಿರ್ಲಿಲ್ವಂತೆ."

ಅಂದು ಆಯುಧಪೂಜೆ. ಜೆರಾಕ್ಸ್ ಅಂಗಡಿಗೆ ಓಡಿದೆ. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮುಂದೆ ಬೂದುಗುಂಬಳ ಒಡೆದಿದ್ದರು. ನಾಳೆಯವರೆಗೂ ಮುಟ್ಟುವ ಹಾಗಿಲ್ಲ ಕಣಮ್ಮ ಎಂದರು ಅಂಗಡಿಯವರು. ಮನೆಗೆ ಬಂದೆ. ಬಿಳಿಯ ಹಾಳೆ ತೆಗೆದುಕೊಂಡು, ಬಹಳ ವರ್ಷಗಳ ನಂತರ, ಕೈಯಿಂದ ಬರೆದೆ:

'ಇವರಿಗೆ, ಟೂಲ್ ಸ್ಟೋರಿನ ಮುಖ್ಯಸ್ಥರು. ಮಾನ್ಯರೇ, ವಿಷಯ: ಬಿಲ್ಲೆಗಳನ್ನು ಕಳೆದ ಬಗ್ಗೆ. ತಾವು ನನ್ನ ಮನೆಯ ಕಿಟಕಿಯಲ್ಲಿ ಇರಿಸಿದ್ದ ಮೂರು ಬಿಲ್ಲೆಗಳನ್ನು ಕಸವೆಂದು ತಪ್ಪಾಗಿ ತಿಳಿದು ಗುಡಿಸಿ ಹಾಕಿರುತ್ತೇನೆ. ತಾವು ವಸ್ತುವನ್ನು ಹಿಂದಿರುಗಿಸಲು ಬಂದಾಗ ತಮ್ಮನ್ನು ತಪ್ಪಾಗಿ ತಿಳಿದಿರುತ್ತೇನೆ. ಎರಡೂ ತಪ್ಪುಗಳು ನನ್ನವೇ. ಬದಲಿ ಬಿಲ್ಲೆಗಳನ್ನು ದಯಪಾಲಿಸಬೇಕಾಗಿ ವಿನಂತಿ.'

ಬರೆದು ರೂಢಿಯಿಲ್ಲದ್ದರಿಂದ ಸಾಲುಗಳು ಏರಿಳಿದವು. ಯಜಮಾನರು ಹಾಳೆಯನ್ನು ಮಡಿಲ ಮೇಲೆ ಹರಡಿಕೊಂಡು, ಬೆರಳಿಟ್ಟುಕೊಂಡು ಓದಿದರು. ಓದಿದರೋ, ಬರೀ ಬೆರಳು ಓಡಿಸಿದರೋ, ಇಂದಿಗೂ ನನಗೆ ತಿಳಿಯದು. ಕೆಳಗಿನ ಸಹಿಯ ಬಳಿ ಬೆರಳು ನಿಂತಿತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮೂಲೆಯಲ್ಲಿ ಒಂದು ಗಿಡ್ಡ ಸಹಿ ಹಾಕಿ, ಹಾಳೆಯನ್ನು ಒಂದು ಮೊಳೆಗೆ ಚುಚ್ಚಿದರು. ಆಮೇಲೆ ಸುತ್ತಿಗೆ ಕೈಗೆತ್ತಿಕೊಂಡರು.

ಅಂದು ಮಧ್ಯಾಹ್ನ ಉಳಿದ ಹದಿಮೂರು ಮನೆಗಳ ಅರ್ಜಿಗಳನ್ನೂ ನಾನೇ ಬರೆದೆ. ನನ್ನ ಮೊದಲ ಪತ್ರಕ್ಕೆ ಸಹಿ ಮಾಡಿದವರ ಬಳಿಗೇ ಮತ್ತೆ ಮನೆಮನೆಗೆ ಹೋದೆ. ಕೆಲವರು ಪೂಜೆಯ ನಡುವೆ ಒದ್ದೆ ಕೈಯಲ್ಲಿಯೇ ಸಹಿ ಹಾಕಿದರು. ಕೊನೆಗೆ ಅಧ್ಯಕ್ಷರ ಮನೆ. ಸ್ಕೂಟರ್ ತೊಳೆದು ಹೂ ಮುಡಿಸುತ್ತಿದ್ದವರು ಹಾಳೆ ಓದಿ ನನ್ನನ್ನು ನೋಡಿದರು.

"ಅಲ್ಲ ಮೇಡಂ, ಅವತ್ತೂ ನಿಮ್ಮ ಲೆಟರಿಗೇ ಸಹಿ ಹಾಕ್ಸಿಬುಟ್ರಿ. ಇವತ್ತು ತಪ್ಪಾಯ್ತು ಅಂತಾನೂ ನಿಮ್ಮ ಲೆಟರಿಗೇ ಹಾಕ್ಬೇಕಾ? ನಮ್ಮ ಸಹಿಗೂ ಒಂದು ಮರ್ಯಾದೆ ಬೇಡ್ವಾ?"

ಬೇಕು ಸಾರ್, ಅದಕ್ಕೇ ಬಂದಿದ್ದೇನೆ ಎಂದೆ. ಅವರು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಆಮೇಲೆ ಕೈ ಒರೆಸಿಕೊಂಡು ಸಹಿ ಹಾಕಿದರು.

ಬಿಲ್ಲೆಗಳೆಲ್ಲ ತಯಾರಾಗುವ ಹೊತ್ತಿಗೆ ನಾಲ್ಕು ಗಂಟೆ. ಯಜಮಾನರು ಕೊಟ್ಟ ಬಿಲ್ಲೆಗಳನ್ನು ನಾನು ಮನೆಮನೆಗೆ ಹಂಚಿ ಕಿಟಕಿಯಲ್ಲಿ ಇಡಿಸಿದೆ. ಮಗಳು ಗೇಟಿನ ಬೀಗ ತೆಗೆದರು. ಯಜಮಾನರು ಬುಟ್ಟಿ ಹಿಡಿದು, ಮೊದಲನೆಯ ಕಂಬ ಮುಟ್ಟಿ, ಹೊರಟರು. ಯಾರೂ ಕಂಬಕ್ಕೆ ಏನನ್ನೂ ಒರಗಿಸದಂತೆ ಟೀಚರ್ ಮುಂದೆ ಮುಂದೆ ಹೋಗುತ್ತಿದ್ದರು. ಪ್ರತಿ ಕಿಟಕಿಯಲ್ಲಿ ಬಿಲ್ಲೆ ಎತ್ತಿಕೊಂಡು ಸಾಮಾನು ಇಟ್ಟರು. "ಹನ್ನೊಂದು ಬಂತು." "ನಾಲ್ಕು ಬಂತು." ಕಾರ್ಖಾನೆಯಲ್ಲಿ ಆಯುಧಪೂಜೆಯ ಹೊತ್ತಿಗೆ ಒಂದು ಉಪಕರಣವೂ ಹೊರಗೆ ಉಳಿಯಬಾರದೆಂಬ ನಿಯಮವಿತ್ತಂತೆ, ಅದಕ್ಕೇ ಈ ದಿನಗಳಲ್ಲಿ ಅಪ್ಪನಿಗೆ ಇಷ್ಟು ತಳಮಳವಾಗಿತ್ತೇನೋ ಎಂದು ಮಗಳು ನನ್ನ ಪಕ್ಕದಲ್ಲಿ ಹೇಳಿದರು. ನನ್ನ ಕಿಟಕಿಗೂ ಬಂದರು. ಇಕ್ಕಳ, ಜಾಲರಿ, ಕತ್ತರಿ ಇಟ್ಟರು. ಆ ರಾತ್ರಿ ತಟ್ಟೆಯಲ್ಲಿ ಏನೂ ಬಿಡದೆ ಉಂಡರೆಂದು ಮಾರನೆಯ ದಿನ ತಿಳಿಯಿತು. ಇಲವಾಲಕ್ಕೆ ಫೋನು ಮಾಡಿ ವಾಹನ ಬೇಡವೆಂದು ಹೇಳಿದ್ದೂ ಅಂದೇ ತಿಳಿಯಿತು. ಅಧ್ಯಕ್ಷರು ಮಾತ್ರ ತಮ್ಮ ಗುಲಾಬಿ ಕತ್ತರಿ ಹೊಸದಾಗಿದ್ದಾಗಲೂ ಹೀಗೆ ಕತ್ತರಿಸುತ್ತಿರಲಿಲ್ಲ ಕಣ್ರೀ ಎಂದು ಒಂದು ತಿಂಗಳು ಎಲ್ಲರಿಗೂ ಹೇಳಿದರು.

ಅದರ ನಂತರ ನಮ್ಮ ಬೀದಿಯಲ್ಲಿ ಸೋಡಾ ಮುಚ್ಚಳವನ್ನು ಯಾರೂ ಗುಡಿಸಲಿಲ್ಲ. ಮೊಂಡಾದ ಚಾಕುಗಳನ್ನು ಕೆಲವರು ಬೇಕೆಂದೇ ಕಿಟಕಿಯಲ್ಲಿ ಇಡುತ್ತಿದ್ದರು. ಆದರೆ ಕಾಯಿಲೆ ನಿಲ್ಲುವಂಥದ್ದಾಗಿರಲಿಲ್ಲ. ಮುಂದಿನ ದಸರಾದ ಹೊತ್ತಿಗೆ ಬಿಲ್ಲೆಗಳ ಮೇಲೆ ಅಂಕಿ ಕಾಣುವುದು ಅಪರೂಪವಾಯಿತು. ಆಮೇಲೆ ಮುಚ್ಚಳಗಳು ಚಪ್ಪಟೆಯಾಗದೆ ಹಾಗೇ ಬರತೊಡಗಿದವು. ಸುತ್ತಿಗೆಯ ಸದ್ದು ನಿಂತಿತು...

ಕಡೆಯ ಸಲ ಅವರು ನನ್ನ ಕಿಟಕಿಗೆ ಬಂದದ್ದು ಒಂದು ಬೆಳಿಗ್ಗೆ. ನಾನು ಒಳಗೆ ಸದ್ದು ಮಾಡದೆ ನಿಂತಿದ್ದೆ. ಕತ್ತರಿಯನ್ನು ತೆಗೆದುಕೊಂಡರು. ಜೇಬಿನಲ್ಲಿ ಬಹಳ ಹೊತ್ತು ಹುಡುಕಿದರು. ನನ್ನ ಅರ್ಜಿಯ ದಿನ ಮಾಡಿದ ಆ ಹಳೆಯ ೨೩ನ್ನೇ ತೆಗೆದು, ಕತ್ತರಿಯ ಮೊಳೆಗೆ ತೂಗುಹಾಕಿ ಹೋದರು. ಹಿಂದಿರುಗಿಸಲು ಬರಲಿಲ್ಲ. ಹಾಸಿಗೆ ಹಿಡಿದರು. ಶಿವರಾತ್ರಿಯ ಹೊತ್ತಿಗೆ ತೀರಿಕೊಂಡರು.

ಮಗಳು ಮನೆ ಖಾಲಿ ಮಾಡಿ ನಂಜನಗೂಡು ರಸ್ತೆಯ ಕಡೆ ಹೊರಟ ದಿನ ಕತ್ತರಿಯನ್ನು ತಂದರು. ಒರೆಸಿ ಎಣ್ಣೆ ಹಚ್ಚಲಾಗಿತ್ತು. ಹಚ್ಚಿದವರು ಯಜಮಾನರೋ, ಆಕೆಯೋ, ಕೇಳಲಿಲ್ಲ. ಬಿಲ್ಲೆ ಕೊಟ್ಟು ತೆಗೆದುಕೊಳ್ಳೋಣವೆಂದು ಮೊಳೆಗೆ ಕೈ ಹಾಕಿದರೆ ಬಿಲ್ಲೆ ಇರಲಿಲ್ಲ. ಸುಣ್ಣ ಬಳಿಸುವಾಗ ಕಳೆಯಬಾರದೆಂದು ಜೋಪಾನವಾಗಿ ಎಲ್ಲೋ ಎತ್ತಿಟ್ಟಿದ್ದೆ. ಎಲ್ಲಿ ಎಂಬುದು ನೆನಪಾಗಲಿಲ್ಲ. ಡಬ್ಬಗಳನ್ನೆಲ್ಲ ಸುರಿದು ಹುಡುಕಿದೆ. ನನಗೂ ವಯಸ್ಸಾಗುತ್ತಿದೆ ಎಂಬ ಭಯ ಆ ದಿನ ಮೊದಲ ಬಾರಿಗೆ ಸರಿಯಾಗಿ ಹಿಡಿಯಿತು. ಕಡೆಗೆ, ಬಿಲ್ಲೆಯಿಲ್ಲದೆ ತೆಗೆದುಕೊಳ್ಳುವಂತಿಲ್ಲ ಕಣಮ್ಮ, ನಿಮ್ಮ ಬಳಿಯೇ ಇರಲಿ ಎಂದೆ. ಆಕೆ ನಗಲು ಹೋಗಿ ನಗಲಾರದೆ, ಕತ್ತರಿಯನ್ನು ಎದೆಗೆ ಒತ್ತಿಕೊಂಡು ರಸ್ತೆ ದಾಟಿದರು. ಥೇಟ್ ಅವರ ಹಾಗೆಯೇ.

ಆ ಬಿಲ್ಲೆ ಈಗ ಸಿಕ್ಕಿದೆ. ನಾನು ರಚಿಸಿದ ಆ ಮೊದಲ ಪತ್ರದ ಕಚೇರಿ ಪ್ರತಿಯೊಳಗೆ, 'ಸ್ವೀಕರಿಸಿದೆ' ಎಂಬ ಸಹಿಗೆ ತಾಗಿಕೊಂಡು ಇದ್ದಿರಬೇಕು, ಅಲ್ಲಿ ಎಣ್ಣೆಯ ಕಲೆಯಿದೆ. ಮಗಳ ದೂರವಾಣಿ ಸಂಖ್ಯೆ ನನ್ನಲ್ಲಿದೆ. ತಿಳಿಸಿದರೆ ಕತ್ತರಿ ತರುತ್ತಾರೆ, ನಾನು ಬಿಲ್ಲೆ ಕೊಡುತ್ತೇನೆ, ವ್ಯವಹಾರ ಮುಗಿಯುತ್ತದೆ. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಹಿಂದಿನ ಕೋಣೆಯ ಮೊಳೆಗಳನ್ನು ಕಿತ್ತು ಬಣ್ಣ ಬಳಿದಿದ್ದಾರೆಂದು ಕೇಳಿದ್ದೇನೆ. "ಇಪ್ಪತ್ತಮೂರು ಬಂತು" ಎಂದು ಹೇಳುವವರು ಇಲ್ಲ. ಆದುದರಿಂದ ಬಿಲ್ಲೆಯನ್ನು ನನ್ನ ಕಿಟಕಿಯ ಮೊಳೆಗೆ ತೂಗುಹಾಕಿದ್ದೇನೆ. ಈ ಕಡತವನ್ನು ಮುಕ್ತಾಯಗೊಳಿಸಲು ನನಗೆ ಮನಸ್ಸಾಗಿಲ್ಲ.

ಮೇಲೆ ಬರೆದದ್ದರಲ್ಲಿ ಅಕ್ಷರದ ತಪ್ಪುಗಳೂ, ಅದಕ್ಕಿಂತ ದೊಡ್ಡ ತಪ್ಪುಗಳೂ ಇರಬಹುದು. ಕಂಡವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಿಂದಿರುಗಿಸಿದಲ್ಲಿ, ಮತ್ತೆ ಬರೆಯಲು ಸಿದ್ಧಳಿದ್ದೇನೆ.